ನಮ್ಮ ಮಾವ ಇಂಟರ್ನೆಟ್ಟು ನೋಡಿದ್ದು

ನಮ್ಮ ಸೋದರಮಾವ ಇಂಟರ್ನೆಟ್ಟನ್ನು ಕಣ್ಣಾರೆ ನೋಡಿದ್ದಾರೆ. ನಗಬೇಡಿ! ನೀವು, ನಾನು, ನಮ್ಮ ಆಫೀಸಿನ ಕಂಪ್ಯೂಟರ್ ರಿಪೇರಿಯವನು, ಎಲ್ಲರೂ ದಿನವಿಡೀ ಅದನ್ನು ಬಳಸುತ್ತೇವೆ. ಒಬ್ಬರಾದರೂ ನೋಡಿದ್ದೇವೆಯೇ? ಮಾವ ನೋಡಿದ್ದಾರೆ. ಮದ್ದೂರಿನಲ್ಲಿ, ರಸ್ತೆ ಪಕ್ಕದ ಗುಂಡಿಯಲ್ಲಿ, ಮೊಣಕಾಲೂರಿ ಬಗ್ಗಿ ನೋಡಿದ್ದಾರೆ. ಹೇಗಿತ್ತು ಮಾವ ಅಂದರೆ, "ಕೆಂಪುಗಿತ್ತು ಕಣವ್ವ. ಸಣ್ಣಕ್ಕೆ, ಕುಂಕುಮದ ಬೊಟ್ಟಿನಂಗೆ" ಅನ್ನುತ್ತಾರೆ. ಇಂಥವರ ಮುಂದೆ ನಾನೊಬ್ಬಳು ಮ್ಯಾನೇಜರು, ಇಂಟರ್ನೆಟ್ಟಿನ ಬಗ್ಗೆ ಸರ್ಟಿಫಿಕೇಟು ಬೇರೆ ಇಟ್ಟುಕೊಂಡವಳು!

ಮದ್ದೂರು ಪೇಟೆಯಲ್ಲಿ ಮಾವನದು ಸ್ಟೀಲ್ ಪಾತ್ರೆ ಅಂಗಡಿ. ಮದುವೆಗೆ ಕೊಡುವ ತಪ್ಪಲೆ, ಕೊಳಗ, ಲೋಟಗಳ ಮೇಲೆ ಹೆಸರು ಕೊರೆದುಕೊಡುವುದರಲ್ಲಿ ಎತ್ತಿದ ಕೈ. ಆದರೆ ಊರಿನಲ್ಲಿ ಅವರ ಹೆಸರು ಓಡಾಡುವುದು ಪಾತ್ರೆಯಿಂದಲ್ಲ, ಪ್ರಶ್ನೆಯಿಂದ. ಯಾವುದೇ ಆಗಲಿ, ಅದರ ಬುಡ ನೋಡುವ ತನಕ ಅವರಿಗೆ ಅನ್ನ ಸೇರುವುದಿಲ್ಲ. ಕರೆಂಟು ಎಲ್ಲಿಂದ ಬರುತ್ತದೆ ಅಂತ ಒಂದು ದಿನ ತಲೆಗೆ ಹೊಕ್ಕಿತು. ಬೇರೆಯವರಾಗಿದ್ದರೆ ಸ್ವಿಚ್ಚಿನಿಂದ ಅಂತ ಹೇಳಿ ಮಗ್ಗುಲಾಗುತ್ತಿದ್ದರು. ಮಾವ ಅಂಗಡಿ ಬಾಗಿಲು ಹಾಕಿ, ಮಳವಳ್ಳಿ ಬಸ್ಸು ಹತ್ತಿ, ಶಿವನಸಮುದ್ರಕ್ಕೆ ಹೋಗಿ ನೀರು ಬೀಳುವುದನ್ನು ಸಂಜೆಯವರೆಗೆ ನೋಡಿಕೊಂಡು ಬಂದರು. ಆಮೇಲೆ ಎಷ್ಟೋ ದಿನ ಮನೆಯಲ್ಲಿ ಯಾರು ಸ್ವಿಚ್ಚು ಒತ್ತಿದರೂ "ನೀರು ಬಂತು ನೋಡ್ರಪ್ಪ" ಅನ್ನುತ್ತಿದ್ದರು!

ಸಕ್ಕರೆಯ ಬುಡ ನೋಡಬೇಕೆಂದು ಇನ್ನೊಮ್ಮೆ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಮಂಡ್ಯಕ್ಕೆ ಹೊರಟಿದ್ದರು. ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು "ನೀವ್ ಯಾರ ಕಡೆಯೋರು?" ಅಂತ ತಡೆದನಂತೆ. "ಕಬ್ಬಿನ ಕಡೆಯೋರು" ಅಂದರಂತೆ ಮಾವ. ಒಳಗೆ ಬಿಡಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕೆ?

ಇಂಥ ಬಾಯಿಬಡುಕನಿಗೆ ದೇವರು ಎಂಥ ಜೋಡಿ ಹುಡುಕಿದ ಗೊತ್ತೇ? ನಮ್ಮತ್ತೆಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಮಳವಳ್ಳಿ ತಾಲೂಕಿನ ಪೂರಿಗಾಲಿಯ ಹೆಣ್ಣುಮಗಳು. ಹಾಗಂತ ಅತ್ತೆ ಸುಮ್ಮನಿರುವವರು ಅಂತ ತಿಳಿದೀರಿ, ಜೋಕೆ! ಅವರ ಕೈಗಳು ಶುರುವಾದರೆ ಮಾವನಿಗೇ ನಡುವೆ ಬಾಯಿ ಹಾಕಲು ಸಂದು ಸಿಗುವುದಿಲ್ಲ. ಯಾವ ಶಾಲೆಯಲ್ಲೂ ಕಲಿತ ಸನ್ನೆಗಳಲ್ಲ ಅವು, ಗಂಡ ಹೆಂಡತಿ ಕೂಡಿ ಕಟ್ಟಿಕೊಂಡ ಭಾಷೆ. ಬೆರಳು ದುಂಡಗೆ ಮಾಡಿ ಕಚ್ಚಿದರೆ ಮದ್ದೂರು, ವಡೆಯ ಊರಲ್ಲವೇ? ಹಲ್ಲಿನಿಂದ ಸಿಪ್ಪೆ ಎಳೆದರೆ ಮಂಡ್ಯ. ತಲೆಯ ಮೇಲಿನ ಕಂಬಿ ಹಿಡಿದು ಜೋಲಾಡಿದರೆ ಮಳವಳ್ಳಿ, ಏಕೆಂದರೆ ಆ ಬಸ್ಸಿನಲ್ಲಿ ಅತ್ತೆಗೆ ಇವತ್ತಿನವರೆಗೂ ಸೀಟು ಸಿಕ್ಕಿಲ್ಲ. ಮೂಗಿನ ಮೇಲಿನ ಕನ್ನಡಕವನ್ನು ದೌಲತ್ತಿನಿಂದ ಮೇಲಕ್ಕೆ ತಳ್ಳಿದರೆ ಅದು ನಾನು. ದೌಲತ್ತು ಯಾಕೆ ಅಂತ ಕೇಳಿದ್ದಕ್ಕೆ ಮಾವ, "ಅದು ನಿನ್ ಎಸರಲ್ಲೇ ಬತ್ತದೆ ಬುಡು" ಅಂದರು.

ಈ ವರ್ಷ ಪೂರಿಗಾಲಿಯ ಅಜ್ಜಿ, ಅಂದರೆ ಅತ್ತೆಯ ತಾಯಿ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನೋಡಿಕೊಳ್ಳುವುದಕ್ಕೆ ಅತ್ತೆ ಹೋಗಲೇಬೇಕಾಯಿತು. ಮಾವ ಅಂಗಡಿ ಬಿಡುವ ಹಾಗಿರಲಿಲ್ಲ, ಮದುವೆ ಕಾಲ. ಮದುವೆಯಾದಾಗಿನಿಂದ ಇಬ್ಬರೂ ಹೀಗೆ ದೂರ ಇದ್ದದ್ದೇ ಇಲ್ಲ. ನಮಗಾದರೆ ಫೋನಿದೆ, "ಊಟ ಆಯ್ತಾ" ಅಂತ ಕೇಳಬಹುದು. ಅವರಿಬ್ಬರಿಗೆ ಫೋನು ಅಂದರೆ ಏನು? ಗೋಡೆ! ಅದಕ್ಕೇ ಇಬ್ಬರ ಕೈಗೂ ಒಂದೊಂದು ಹೊಸ ಮೊಬೈಲು ಬಂತು. ದಿನಾ ಸಂಜೆ ವಿಡಿಯೋ ಕಾಲು. ಒಂದು ಸಲ ಅತ್ತೆಯ ಕೈ ಕಾಣಬೇಕು, ಅವರು ಹೇಳಿದ್ದು ಇವರಿಗೆ ತಿಳಿಯಬೇಕು, ಮಾವನ ಆಸೆ ಅಷ್ಟೇ. ಕಂಡ ದಿನ ಮುದ್ದೆ ಇಳಿಯುತ್ತಿತ್ತು. ಕಾಣದ ದಿನ ತಟ್ಟೆ ಹಾಗೇ ಇರುತ್ತಿತ್ತು.

ಕಾಣದ ದಿನಗಳೇ ಹೆಚ್ಚಾದವು. ಪೂರಿಗಾಲಿಯಲ್ಲಿ ನೆಟ್‌ವರ್ಕು ಒಂದು ಕಡ್ಡಿ ಬಂದರೆ ಹಬ್ಬ. ಅತ್ತೆಯ ಕೈ ಏನೋ ಹೇಳಲು ಮೇಲೆ ಏಳುತ್ತಿತ್ತು, ಅಲ್ಲೇ ನಿಂತುಬಿಡುತ್ತಿತ್ತು. ನಮಗೆ ಚಿತ್ರ ನಿಂತರೂ ದನಿ ಬರುತ್ತದೆ. "ಹಲೋ, ಕೇಳಿಸ್ತಿದೆಯಾ" ಅಂತ ಅರಚಿಕೊಳ್ಳುತ್ತೇವೆ, ಅತ್ತ ಕಡೆಯವರು ಬದುಕಿದ್ದಾರೆ ಅಂತ ಗೊತ್ತಾಗುತ್ತದೆ. ಮಾವನಿಗೆ ಗೊತ್ತಾಗುವುದು ಹೇಗೆ?

ಒಂದು ಸಂಜೆ ಹೀಗೇ ಮಾತಾಡುತ್ತಿದ್ದಾಗ ಅತ್ತೆ ತಟ್ಟನೆ ಎದೆಯ ಮೇಲೆ ಕೈ ಇಟ್ಟುಕೊಂಡರು, ಬಾಯಿ ತೆರೆದರು, ಕಣ್ಣು ಮುಚ್ಚಿದರು. ಅಷ್ಟೇ! ಚಿತ್ರ ನಿಂತಿತು. ಮಾವ ಕಾಯ್ದರು. ಅತ್ತೆ ಹಾಗೇ ಇದ್ದಾರೆ. ಕಾಲ್ ಕಟ್ಟಾಯಿತು. ಮತ್ತೆ ಮಾಡಿದರೆ ಸಂಪರ್ಕವೇ ಇಲ್ಲ. ಆ ಮನೆಯಲ್ಲಿ ಇರುವುದೇ ಅದೊಂದು ಫೋನು. ಮಾವ ಅಂಗಡಿಯ ಶಟರನ್ನು ಅರ್ಧ ಎಳೆದು, ಪಕ್ಕದ ಕ್ಲಿನಿಕ್ಕಿನ ಕಾಂಪೌಂಡರನ್ನು ಕೈ ಹಿಡಿದು ಎಬ್ಬಿಸಿ, ಪಾತ್ರೆ ಸಾಗಿಸುವ ಗಾಡಿಯಲ್ಲಿ ಕೂರಿಸಿಕೊಂಡು ಪೂರಿಗಾಲಿಗೆ ಹೊರಟೇಬಿಟ್ಟರು. ದಾರಿಯುದ್ದಕ್ಕೂ ಹಿಂದೆ ಕೊಳಗಗಳು ದಡಬಡ ಅನ್ನುತ್ತಿದ್ದವಂತೆ, ಮುಂದೆ ಮಾವನ ಎದೆ.

ಹೋಗಿ ನೋಡಿದರೆ ಅತ್ತೆ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಾರೆ! ಗಂಡ, ಕಾಂಪೌಂಡರು, ಸ್ಟೆತಾಸ್ಕೋಪು, ಮೂರನ್ನೂ ನೋಡಿ ಅವರಿಗೇ ಗಾಬರಿ. ಮಾವ ಎದೆ ಮುಟ್ಟಿ, ಬಾಯಿ ತೆರೆದು, ಕಣ್ಣು ಮುಚ್ಚಿ ತೋರಿಸಿದರು: ನೀನು ಹಿಂಗಾಗಿದ್ದೆ! ಅತ್ತೆ ಒಂದು ಗಳಿಗೆ ಯೋಚಿಸಿದರು. ಆಮೇಲೆ ಹುರಿದಿಟ್ಟಿದ್ದ ಒಣಮೆಣಸಿನಕಾಯಿ ತೋರಿಸಿ, ಮೂಗು ಮುಟ್ಟಿ, ಇಡೀ ಮೈ ಕುಲುಕಿಸಿ ಸೀನಿ ತೋರಿಸಿದರು. ಸೀನು! ಬರಬೇಕಾದ ಸೀನು ಬರುವ ಮೊದಲೇ ನೆಟ್ ಹೋಗಿತ್ತು! ಒಳಗೆ ಮಲಗಿದ್ದ ಅಜ್ಜಿ, "ಯಾಕಪ್ಪ, ನಾನ್ ಸತ್ತೋದೆ ಅಂದ್ಕಂಡು ಬಂದ್ರಾ?" ಅಂತ ಕೇಳಿದರು. ವಿಷಯ ತಿಳಿದ ಮೇಲೆ, "ಸೊಂಟ ಮುರ್ದೋಳ್ಗೆ ಯಾರೂ ಬರ್ಲಿಲ್ಲ, ಸೀನಿದೋಳ್ಗೆ ಡಾಕ್ಟ್ರು ಕರ್ಕಂಡ್ ಬಂದವ್ನೆ" ಅಂತ ಗೊಣಗಿದರಂತೆ. ಕಾಂಪೌಂಡರು ಬಂದ ತಪ್ಪಿಗೆ ಅಜ್ಜಿಯ ಬಿಪಿ ನೋಡಿ, ಮುದ್ದೆ ಉಂಡು ಬಂದರು.

ನಗು ಮಾವನಿಗೂ ಬಂತು. ಆದರೆ ವಾಪಸ್ಸು ಬರುವಾಗಲೇ ತೀರ್ಮಾನ ಮಾಡಿಕೊಂಡಿದ್ದರು. ಈ ನೆಟ್ಟಿನ ಬುಡ ನೋಡಲೇಬೇಕು! ಅದು ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ತಿಳಿಯಬೇಕು. ಮರುದಿನ ಬೆಳಿಗ್ಗೆ ಮಂಡ್ಯಕ್ಕೆ, ನಮ್ಮ ಮನೆಗೆ ಬಂದಿಳಿದರು. ಗ್ರಹಚಾರಕ್ಕೆ ನಾನು ಅದೇ ತಾನೇ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ.

ಸರ್ಟಿಫಿಕೇಟಿನ ಕಥೆ ಇಷ್ಟು. ನಮ್ಮ ಕಂಪನಿ ಬೆಲ್ಲವನ್ನು ಆನ್‌ಲೈನಿನಲ್ಲಿ ಮಾರುತ್ತದೆ. ನೆಟ್ ನಿಂತರೆ ಬೆಲ್ಲ ನಿಂತಿತು. ಅದಕ್ಕೇ ಯಜಮಾನರು ಮ್ಯಾನೇಜರುಗಳನ್ನೆಲ್ಲ ಒಂದು ಹೋಟೆಲಿನ ಹಾಲಿನಲ್ಲಿ ಕೂರಿಸಿ, ಇಂಟರ್ನೆಟ್ಟು ಹೇಗೆ ಕೆಲಸ ಮಾಡುತ್ತದೆ ಅಂತ ಪಾಠ ಹೇಳಿಸಿದರು. ಟೈ ಕಟ್ಟಿದ ಮೇಷ್ಟ್ರು "ಇಂಟರ್ನೆಟ್ ಅಂದರೆ ನೆಟ್‌ವರ್ಕುಗಳ ನೆಟ್‌ವರ್ಕು" ಅಂದರು. ಎಲ್ಲರೂ ಬರೆದುಕೊಂಡೆವು. "ಯಾರಿಗಾದರೂ ಡೌಟ್ ಇದೆಯೇ?" ಅಂದರು. ಮ್ಯಾನೇಜರಾದವರಿಗೆ ಡೌಟ್ ಇರಲು ಸಾಧ್ಯವೇ? ಊಟ ಬಹಳ ಚೆನ್ನಾಗಿತ್ತು.

ಮಾವನಿಗೆ ಮಾತ್ರ ಡೌಟುಗಳು ಮೂಟೆಗಟ್ಟಲೆ. ಕಾಫಿ ಲೋಟ ಇನ್ನೂ ಕೈಗೆ ಬಂದಿಲ್ಲ, ಶುರು.

"ಮದ್ದೂರ್ ಟವರ್ರು ಎಸುದ್ರೆ ಪೂರಿಗಾಲಿ ಟವರ್ರು ಇಡ್ಕತದೆ, ಅಷ್ಟೇ ತಾನೇ?"

"ಅಲ್ಲ ಮಾವ. ಫೋನಿಂದ ಹತ್ತಿರದ ಟವರಿಗೆ ಮಾತ್ರ ಗಾಳೀಲಿ ಹೋಗುತ್ತೆ. ಆಮೇಲೆ ಹೆಚ್ಚಾಗಿ ನೆಲದೊಳಗಿನ ತಂತೀಲೇ ಹೋಗುತ್ತೆ. ಆ ಕಡೆ ಟವರಿಂದ ಮತ್ತೆ ಗಾಳಿ."

ಮಾವ ಲೋಟ ಕೆಳಗಿಟ್ಟರು. "ತಂತಿ ಇಲ್ದಿರೋ ಪೋನು ಅಂತ ಕಾಸ್ ಇಸ್ಕಂಡು, ಒಳಗೊಳಗೇ ತಂತಿ ಮಡಗವ್ರಾ? ಎಂಥಾ ಮೋಸ ಕಣವ್ವ!"

ಆಮೇಲೆ ತುಂಡುಗಳ ವಿಚಾರ ಬಂತು. ಮೇಷ್ಟ್ರು ಪ್ಯಾಕೆಟ್ಟು ಪ್ಯಾಕೆಟ್ಟು ಅಂತ ಹೇಳಿದ್ದು ನನಗೇ ಸರಿಯಾಗಿ ತಲೆಗೆ ಹೋಗಿರಲಿಲ್ಲ. ಮಾವನಿಗೆ ಹೇಳುವಷ್ಟರಲ್ಲಿ ನನ್ನ ತಲೆಗೂ ಹೋಯಿತು. ಒಂದು ಮದುವೆಯ ಪಾತ್ರೆ ಮಳವಳ್ಳಿಗೆ ಕಳಿಸಬೇಕು ಅಂತಿಟ್ಟುಕೊಳ್ಳಿ ಮಾವ, ಅಂದೆ. ಒಂದೇ ಮೂಟೆ ಕಟ್ಟಿದರೆ ಬಸ್ಸಿಗೆ ಹಿಡಿಸಲ್ಲ. ಚೀಲ ಚೀಲ ಮಾಡಿ, ಒಂದೊಂದರ ಮೇಲೂ ವಿಳಾಸ, ನಂಬರು ಬರೀತೀರಿ. ಕೆಲವು ಈ ಬಸ್ಸಿಗೆ, ಕೆಲವು ಆ ಬಸ್ಸಿಗೆ. ಅಲ್ಲಿಯವರು ನಂಬರು ನೋಡಿ ಜೋಡಿಸಿಕೊಳ್ತಾರೆ. ಒಂದು ಚೀಲ ಬರಲಿಲ್ಲ ಅಂದ್ರೆ ಮತ್ತೆ ಕಳಿಸಿ ಅಂತಾರೆ. ಪತ್ರ, ಫೋಟೋ, ಬೆಲ್ಲದ ಆರ್ಡರು ಎಲ್ಲ ಹೀಗೇ ಹೋಗೋದು.

ಮಾವನ ಕಣ್ಣು ಅರಳಿತು. "ಅಂದ್ರೆ ನಮ್ಮೋಳ್ ಕೈಯೂ ಚೀಲದಲ್ಲಿ ಬತ್ತದೆ!"

"ಬರುತ್ತೆ. ಆದರೆ ವಿಡಿಯೋ ಕಾಲಿನಲ್ಲಿ ಹಿಂದೆ ಬಿದ್ದ ಚೀಲಕ್ಕೆ ಹೆಚ್ಚು ಹೊತ್ತು ಕಾಯೋಕಾಗಲ್ಲ ಮಾವ. ಅಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತಲ್ಲ. ಅದಕ್ಕೇ ಬಿಟ್ಟುಬಿಡುತ್ತೆ."

"ಬುಟ್ಬುಡ್ತದಾ? ಅವ್ಳ್ ಕೈಯನ್ನ?"

ಆ ಪ್ರಶ್ನೆ ಕೇಳಿದ ದನಿಗೆ ನನ್ನ ಸರ್ಟಿಫಿಕೇಟು ಗೋಡೆಯ ಮೇಲೆ ಸ್ವಲ್ಪ ವಾಲಿದ ಹಾಗಾಯಿತು. ಸಮಾಧಾನ ಮಾಡೋಣ ಅಂತ, ಪಾಠದಲ್ಲಿ ನಮಗೆಲ್ಲ ಚೆನ್ನಾಗಿ ನೆನಪುಳಿದಿದ್ದ ಒಂದೇ ಒಂದು ಉಪಾಯ ಹೇಳಿದೆ. "ನೆಟ್ ಸಣ್ಣಗಾದರೆ ವಿಡಿಯೋ ಆಫ್ ಮಾಡಿ ಮಾವ, ಆಡಿಯೋ ಮಾತ್ರ ಇಟ್ಕೊಳ್ಳಿ. ಮಾತು ಸಣ್ಣದು, ಕಿರಿದಾದ ದಾರೀಲೂ ತೂರುತ್ತೆ. ಚಿತ್ರ ದೊಡ್ಡದು. ಫೋನೂ ಅಷ್ಟೇ, ಕಷ್ಟ ಬಂದ್ರೆ ಮೊದಲು ಚಿತ್ರ ಕೈಬಿಟ್ಟು ಮಾತು ಉಳಿಸಿಕೊಳ್ಳುತ್ತೆ." ಹೇಳಿ ಮುಗಿಸಿದ ಮೇಲೆ ನಾನು ಯಾರಿಗೆ ಏನು ಹೇಳಿದೆ ಅಂತ ನನಗೇ ಹೊಳೆಯಿತು. ಮಾವ ಬೈಯಲಿಲ್ಲ. "ಮಾತು ದೊಡ್ದು, ಕೈ ಸಣ್ದು ಅಂತ ತೀರ್ಮಾನ ಮಾಡ್ದೋನು ಯಾವನವ್ವ?" ಅಂದರು ಅಷ್ಟೇ.

ಮನೆಗೆ ಹೋದವರು ನೇರ ಮೊಬೈಲ್ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದ್ದಾರೆ. ಅಲ್ಲೊಂದು ಇಂಪಾದ ಹುಡುಗಿ. "ಸರ್, ನಿಮಗೆ ನನ್ನ ಧ್ವನಿ ಸ್ಪಷ್ಟವಾಗಿ ಕೇಳಿಸುತ್ತಿದೆಯೇ?"

"ದನಿ ಬ್ಯಾಡ ಕಣವ್ವ ನಂಗೆ. ನಂದೂ ಬ್ಯಾಡ, ನಮ್ಮೋಳ್ದು ಮೊದ್ಲೇ ಇಲ್ಲ. ನಮ್ಮಿಬ್ರ ದನಿ ಪಾಲ್ನೂ ತಗದು ಚಿತ್ರುಕ್ಕೇ ಆಕ್ಬುಡು."

ಹುಡುಗಿ "ಸರ್, ಅಂಥ ಪ್ಲಾನ್ ನಮ್ಮಲ್ಲಿಲ್ಲ" ಅಂದಳಂತೆ. "ಅಂಗಾರೆ ಮಾಡ್ಸು. ನನ್ನಂತೋರು ಬಾಳ ಜನ ಅವ್ರೆ" ಅಂದು ಮಾವ ಫೋನಿಟ್ಟರು. ಮಾತು ಬೇಡ ಅನ್ನುವುದಕ್ಕೆ ಅಷ್ಟು ಹೊತ್ತು ಮಾತಾಡಿದ ಗ್ರಾಹಕರನ್ನು ಆಕೆ ಅದುವರೆಗೆ ಕಂಡಿರಲಾರಳು.

ಇದಾದ ಮೇಲೆಯೇ ಆ ಗುಂಡಿಯ ಪ್ರಸಂಗ. ಮದ್ದೂರಿನಲ್ಲಿ ಚರಂಡಿಗೆ ಅಗೆಯುವಾಗ ಫೈಬರ್ ಕೇಬಲ್ಲು ತುಂಡಾಗಿ, ಜೋಡಿಸಲು ಸಲೀಂ ಭಾಯಿ ಅನ್ನುವವರು ಬಂದಿದ್ದರು. ಮಾವನಿಗೆ ಸುದ್ದಿ ಮುಟ್ಟಿದ್ದೇ ತಡ, ಒಂದು ಪೊಟ್ಟಣ ಬಿಸಿ ವಡೆ ಹಿಡಿದು ಗುಂಡಿಯ ಪಕ್ಕ ಹಾಜರು. ನಾನೂ ಆ ದಿನ ಅಲ್ಲಿದ್ದೆ, ಮಾವ ನನ್ನನ್ನು ಮಂಡ್ಯದಿಂದ ಕರೆಸಿದ್ದರು, ಸಾಕ್ಷಿಗೆ. ಸಲೀಂ ಭಾಯಿ ಕೇಬಲ್ಲಿನ ಸಿಪ್ಪೆ ಬಿಡಿಸಿ ಒಳಗಿನ ಗಾಜಿನ ಎಳೆ ತೋರಿಸಿದರು. ತಲೆಗೂದಲಿನಷ್ಟು ಸಣ್ಣದು! ಎಲ್ಲಿ ತುಂಡಾಗಿದೆ ಅಂತ ನೋಡಲು ಪೆನ್ನಿನಂಥದೊಂದು ದೀಪ ಹಚ್ಚಿದರು. ಎಳೆಯ ತುದಿಯಲ್ಲಿ ಕೆಂಪಗೆ ಚುಕ್ಕೆ ಹೊತ್ತಿತು.

"ಇದೇಯಾ ಇಂಟರ್‌ನೆಟ್ಟು?" ಮಾವ ಮೊಣಕಾಲೂರಿ ಬಗ್ಗಿ ಕೇಳಿದರು.

"ಅಲ್ಲ ಅಣ್ಣ, ಇದು ಟಾರ್ಚು. ಅದು ಕಣ್ಣಿಗೆ ಕಾಣಲ್ಲ."

ಮಾವ ಈ ತಿದ್ದುಪಡಿಯನ್ನು ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ. "ಇಷ್ಟ್ ಸಣ್ಣ ಗಾಜ್ನಲ್ಲಿ ಊರೋರ್ ಮಾತೆಲ್ಲ ಎಂಗಪ್ಪ ಓಯ್ತದೆ?" ಅಂದರು.

"ಬೆಳಕು ಹೊತ್ತುತ್ತೆ, ಆರುತ್ತೆ ಅಣ್ಣ. ಹೊತ್ತಿದ್ರೆ ಒಂದು ಅರ್ಥ, ಆರಿದ್ರೆ ಒಂದು ಅರ್ಥ. ಜಲ್ದಿ ಜಲ್ದಿ. ಮಾತು, ಚಿತ್ರ, ಹಾಡು, ಎಲ್ಲ ಅಷ್ಟೇ."

ಮಾವ ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟರು. ಮುಷ್ಟಿ ಬಿಚ್ಚಿದರು, ಮುಚ್ಚಿದರು. ಬಿಚ್ಚಿದರು, ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, "ಕಂಡ್ಯೇನವ್ವ! ಇದ್ಕೂ ಬಾಯಿಲ್ಲ, ಕಿವಿಲ್ಲ. ಬರೀ ಸನ್ನೆ! ನಿಮ್ಮತ್ತೆ ಜಾತೀದೇ ಕಣವ್ವ ಇದು!" ಅಂದರು. ಹೋಟೆಲಿನ ಹಾಲಿನಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಆ ಗುಂಡಿಯ ಪಕ್ಕ, ವಡೆಯ ವಾಸನೆಯಲ್ಲಿ, ಪೂರ್ತಿ ಅರ್ಥವಾಯಿತು. ಸಲೀಂ ಭಾಯಿಗೆ ಮಾತ್ರ ವಡೆಯೆಲ್ಲ ಮುಗಿದ ಮೇಲೂ ಮಾವನ ಪ್ರಶ್ನೆಗಳಿಂದ ಬಿಡುಗಡೆ ಸಿಗಲಿಲ್ಲ.

ಅಂಗಡಿಗೆ ಫೈಬರ್ ಹಾಕಿಸಿಕೊಂಡರು. ಏನು ಬಂತು? ಮಾವನ ಚಿತ್ರ ಇಲ್ಲಿಂದ ರಾಜಬೀದಿಯಲ್ಲಿ ಹೋಗಿ, ಪೂರಿಗಾಲಿಯ ಕಾಲುದಾರಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕೊನೆಯ ಆ ತುಂಡು ಸರಿಯಾಗದಿದ್ದರೆ ಮಿಕ್ಕದ್ದೆಲ್ಲ ವ್ಯರ್ಥ. ಸರಿ, ಒಂದು ಭಾನುವಾರ ನಾನೇ ಪೂರಿಗಾಲಿಗೆ ಹೊರಟೆ. ಅತ್ತೆಯ ಮೊಬೈಲು ಹಿಡಿದು ಮನೆ, ಕೊಟ್ಟಿಗೆ, ಹಿತ್ತಲು, ಹುಣಸೆಮರದ ಬುಡ, ಎಲ್ಲ ಕಡೆ ಸುತ್ತಿದೆ. ಹಿಂದೆ ಅತ್ತೆ, ಅತ್ತೆಯ ಹಿಂದೆ ಒಂದು ಮೇಕೆ. ತಾರಸಿಯ ಒಂದು ಮೂಲೆಯಲ್ಲಿ, ಹುರುಳಿ ಒಣಹಾಕಿದ್ದ ಕಡೆ, ಕಡ್ಡಿಗಳು ಮೇಲೆದ್ದವು. ಮಾವ ಮದ್ದೂರಿನಿಂದಲೇ ಅಪ್ಪಣೆ ಕೊಡಿಸಿ ಅಲ್ಲೊಂದು ಬಲ್ಬು ತೂಗುಹಾಕಿಸಿದರು, ಮುಸ್ಸಂಜೆಯಲ್ಲಿ ಕೈ ಕಾಣಬೇಕಲ್ಲ! ಕೆಳಗೆ ಹಾಸಿಗೆಯಲ್ಲಿದ್ದ ಅಜ್ಜಿ, "ನಂಗೊಂದ್ ಬೆಡ್‌ಶೀಟ್ ತತ್ತಿನಿ ಅಂದೋನು ಹುರುಳಿಗೆ ದೀಪ ಆಕುಸ್ತಾವ್ನೆ" ಅಂದರು.

ಸಂಜೆ ಕಾಲ್ ಮಾಡಿದೆವು. ಅಬ್ಬಾ! ಕನ್ನಡಿಯಂಥ ಚಿತ್ರ. ಅತ್ತೆಯ ಕೈಗಳು ಕಟ್ಟೆಯೊಡೆದು ಹರಿದವು. ಮಾವನೂ ಎರಡು ಕೈ ಆಡಿಸುತ್ತಾ, ಜೊತೆಗೆ ಬಾಯಲ್ಲೂ ಮಾತಾಡುತ್ತಾ ನಗುತ್ತಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಸರ್ಟಿಫಿಕೇಟು ಕೊನೆಗೂ ಸಾರ್ಥಕವಾಯಿತು ಅಂದುಕೊಂಡೆ.

ಅಷ್ಟರಲ್ಲಿ ಊರಿಗೆ ಊರೇ ಕರೆಂಟು ಹೋಯಿತು. ಬಲ್ಬು ಆರಿತು, ಕಡ್ಡಿಗಳು ಒಂದೊಂದಾಗಿ ಬಿದ್ದವು. ಪರದೆಯ ಮೇಲೆ ಮಾವ ಒಂದು ಕೈ ಎತ್ತಿದಂತೆಯೇ ನಿಂತುಹೋದರು. ಆಮೇಲೆ ಆ ಚಿತ್ರವೂ ಹೋಗಿ ಬರೀ ಕಪ್ಪು. ದನಿ ಮಾತ್ರ ಬರುತ್ತಿತ್ತು. ನನಗೆ ಅಳುವೇ ಬಂತು. ಎಲ್ಲ ಬಿಟ್ಟು ಮಾತನ್ನೇ ಉಳಿಸಿಕೊಂಡಿತಲ್ಲ ಈ ದರಿದ್ರ ಫೋನು!

ಅತ್ತೆ ಗಾಬರಿಯಾಗಲಿಲ್ಲ. ಮೊಬೈಲು ಎತ್ತಿಕೊಂಡು ವಾಲ್ಯೂಮ್ ಪೂರ್ತಿ ಏರಿಸಿದರು. ಅದರ ಬೆನ್ನನ್ನು ಎದೆಗೆ ಆನಿಸಿ, ಮೇಲೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಕೂತರು. ಮಾವನ ದನಿ ನಿಲ್ಲದೆ ಬರುತ್ತಲೇ ಇತ್ತು. ಒಂದು ಕೊಳಗದ ಮೇಲೆ ಹುಡುಗಿಯ ಹೆಸರು ತಪ್ಪಾಗಿ ಕೊರೆದದ್ದು, ಹಾಲು ಉಕ್ಕಿಹೋದದ್ದು, ಮೊಣಕಾಲು ನೋಯುವುದು, ಎಲ್ಲ.

"ಮಾವ, ಚಿತ್ರ ಹೋಯ್ತು. ಅತ್ತೆಗೆ ಏನೂ ಕಾಣ್ತಿಲ್ಲ. ಇಡಿ, ಆಮೇಲೆ ಮಾಡೋಣ" ಅಂದೆ.

ಮಾವ, "ಗೊತ್ತು ಬುಡವ್ವ. ಮನೇಲಿದ್ದಾಗ ನಾನ್ ಮಾತಾಡ್ತಿದ್ರೆ ನನ್ ಬೆನ್ ಮ್ಯಾಲೆ ಕೈ ಮಡೀಕಂಡ್ ಕುಂತ್ಕತಿದ್ಲು. ಗುಂಯ್ ಅಂತದಲ್ಲ, ಅದು ಅವ್ಳ್ಗೆ ಇಷ್ಟ. ಮೊನ್ನೆ ಇಂಗೇ ಚಿತ್ರ ಓದಾಗ ಪೋನಲ್ಲೂ ವಸಿ ಗುಂಯ್ ಅಂತದೆ ಅಂತ ಅವ್ಳೇ ಕಂಡ್ಕಂಡು ಯೋಳುದ್ಲು. ಅದ್ಕೇ..." ಅಂದು ತಡೆದರು.

ನಾನು ಏನೋ ಹೇಳಲು ಬಾಯಿ ತೆರೆದೆ. ಎದೆಯ ಮೇಲಿನ ಗುಂಯ್ ನಿಂತದ್ದಕ್ಕೋ ಏನೋ, ಅತ್ತೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಮೊಬೈಲಿನ ಮೇಲಿದ್ದ ಕೈ ತೆಗೆಯದೆ, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟು, ಸುಮ್ಮನಿರು, ಅವರು ಮಾತಾಡುತ್ತಿದ್ದಾರೆ, ಅಂದರು.